ಹೆಸರಿಲ್ಲದ ರಕ್ಕಸನಿಗೆ ಹೃದಯವಿತ್ತ ನಟ ಬೋರಿಸ್ ಕಾರ್ಲಾಫ್

1931ರ ನವೆಂಬರ್ 21ರಂದು ಅಮೆರಿಕದಲ್ಲಿ ಬಿಡುಗಡೆಯಾದ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಆರಂಭದಲ್ಲಿ ಪಾತ್ರವರ್ಗದ ಪಟ್ಟಿ ತೆರೆಯ ಮೇಲೆ ಮೂಡುತ್ತದೆ. ವಿಜ್ಞಾನಿ, ಆತನ ಭಾವಿ ಪತ್ನಿ, ಗೆಳೆಯ ಹೀಗೆ ಒಂದೊಂದು ಪಾತ್ರದ ಎದುರೂ ನಟನಟಿಯರ ಹೆಸರಿದೆ. ರಕ್ಕಸನ ಪಾತ್ರದ ಎದುರು ಮಾತ್ರ ಇರುವುದು ಒಂದು ಪ್ರಶ್ನಾರ್ಥಕ ಚಿಹ್ನೆ. ಪ್ರೇಕ್ಷಕರ ಕುತೂಹಲ ಕೆರಳಿಸಲು ಯೂನಿವರ್ಸಲ್ ಸಂಸ್ಥೆ ಹೂಡಿದ ಉಪಾಯವದು. ಚಿತ್ರ ಮುಗಿದ ಬಳಿಕದ ಪಟ್ಟಿಯಲ್ಲಷ್ಟೇ ಬೋರಿಸ್ ಕಾರ್ಲಾಫ್ ಎಂಬ ಹೆಸರು ಕಾಣಿಸಿಕೊಂಡಿತು. 44ರ ಹೊಸ್ತಿಲಲ್ಲಿದ್ದ ಆ ನಟ ಅದಾಗಲೇ 70ಕ್ಕೂ ಹೆಚ್ಚು ಚಿತ್ರಗಳಲ್ಲಿ ಬಂದುಹೋಗಿದ್ದ. ಆದರೂ ಜನರಿಗೆ ಆತನ ಹೆಸರು ಗೊತ್ತಿರಲಿಲ್ಲ. ಆ ಒಂದು ಚಿತ್ರದಿಂದ ಆತ ಜಗತ್ಪ್ರಸಿದ್ಧನಾದ.

ಆ ಕಾಲದ ಭಯಾನಕ ಚಿತ್ರಗಳು ಇಂದಿನ ಪ್ರೇಕ್ಷಕನನ್ನು ಅಷ್ಟೇನೂ ಹೆದರಿಸುವುದಿಲ್ಲ. ಕಪ್ಪು ಬಿಳುಪಿನ ಛಾಯಾಗ್ರಹಣ, ನಿಧಾನಗತಿ, ಬಟ್ಟೆಯ ಮೇಲೆ ಬರೆದ ಆಕಾಶ, ಹಿನ್ನೆಲೆ ಸಂಗೀತವೇ ಇಲ್ಲದ ದೀರ್ಘ ದೃಶ್ಯಗಳು ಕೆಲವರಿಗೆ ನಗು ತರಿಸುವುದೂ ಉಂಟು. ಆದರೂ ಆ ಚಿತ್ರಗಳು ಉಳಿದು ಬಂದಿವೆ. ಕಾಲ ಕಳೆದಂತೆ ಅವುಗಳಲ್ಲಿನ ಭಯಾನಕ ಸೋರಿಹೋಗಿ ಕರುಣ ಉಳಿದುಕೊಂಡಿತು. ಅದಕ್ಕೆ ನಿರ್ದೇಶಕರು, ಪ್ರಸಾಧನ ಕಲಾವಿದರು ಕಾರಣರಾದಂತೆ ಬಹುಮಟ್ಟಿಗೆ ಕಾರ್ಲಾಫ್ ಕೂಡ ಕಾರಣ. ರಕ್ಕಸನ ವೇಷದೊಳಗೆ ಒಬ್ಬ ನಿರಾಶ್ರಿತನಿದ್ದಾನೆಂದು ಆತ ಬಲ್ಲ. ತಾನೇ ಬಹುಕಾಲ ಅಂಥ ಬದುಕು ಬದುಕಿದವನಾದುದರಿಂದ ಅದನ್ನು ಆತ ಯಾರಿಂದಲೂ ಕಲಿಯಬೇಕಿರಲಿಲ್ಲ.

ಕೂಲಿಯಿಂದ ರಂಗಮಂಚಕ್ಕೆ

ಕಾರ್ಲಾಫ್‌ನ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. 1887ರ ನವೆಂಬರ್ 23ರಂದು ಲಂಡನ್ನಿನ ಕ್ಯಾಂಬರ್ವೆಲ್‌ನಲ್ಲಿ ಜನಿಸಿದ. ಒಂಬತ್ತು ಮಕ್ಕಳಲ್ಲಿ ಕೊನೆಯವನು. ತಂದೆ ಬ್ರಿಟಿಷ್ ಭಾರತದ ಉಪ್ಪಿನ ಸುಂಕದ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು. ತಾಯಿಯ ತಾಯಿಯ ಕುಟುಂಬದ ಬೇರುಗಳು ಬೊಂಬಾಯಿ ಪ್ರಾಂತ್ಯದಲ್ಲಿದ್ದವು. ಆ ಅಜ್ಜಿಯ ಸೋದರಿಯೇ ಸಯಾಂ ದೇಶದ ಅರಮನೆಯಲ್ಲಿ ಶಿಕ್ಷಕಿಯಾಗಿದ್ದು, ಮುಂದೆ ‘ದಿ ಕಿಂಗ್ ಅಂಡ್ ಐ’ ನಾಟಕ ಮತ್ತು ಚಿತ್ರಕ್ಕೆ ವಸ್ತುವಾದ ಆನಾ ಲಿಯೋನೊವೆನ್ಸ್. ಭಾರತೀಯ ರಕ್ತ ಬೆರೆತ ವಂಶವೆಂಬುದನ್ನು ಆನಾ ಜೀವನಪರ್ಯಂತ ಮುಚ್ಚಿಟ್ಟಳು. ತುಸು ಕಂದು ಮೈಬಣ್ಣದ ವಿಲಿಯಂ ಆ ಕಾಲದ ಇಂಗ್ಲೆಂಡಿನಲ್ಲಿ ಎಲ್ಲರಂತೆ ಕಾಣುವ ಹುಡುಗನಾಗಿರಲಿಲ್ಲ. ಜೊತೆಗೆ ತೊದಲು, ತುಸು ಬಾಗಿದ ಕಾಲು. ತೊದಲನ್ನು ಛಲದಿಂದ ಗೆದ್ದನಾದರೂ ‘ಸ’ಕಾರದ ಉಚ್ಚಾರಣೆಯ ದೋಷ ಕೊನೆಯವರೆಗೂ ಉಳಿಯಿತು.

ತಾಯಿ ಬೇಗನೆ ತೀರಿಕೊಂಡಾಗ ಒಡಹುಟ್ಟಿದವರೇ ಆತನನ್ನು ಬೆಳೆಸಿದರು. ಅಣ್ಣಂದಿರಲ್ಲಿ ಹಲವರು ಸರ್ಕಾರಿ ಸೇವೆ ಸೇರಿದರು. ಅವರಲ್ಲೊಬ್ಬರಾದ ಸರ್ ಜಾನ್ ಪ್ರ್ಯಾಟ್ ಚೀನಾದಲ್ಲಿ ರಾಜತಾಂತ್ರಿಕರಾಗಿ ಹೆಸರು ಮಾಡಿದರು. ಕಿರಿಯವನೂ ಅದೇ ಹಾದಿ ಹಿಡಿಯಬೇಕೆಂದು ಮನೆಯವರ ಅಪೇಕ್ಷೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಅದಕ್ಕಾಗಿಯೇ ಓದುತ್ತಿದ್ದ ವಿಲಿಯಂಗೆ ನಾಟಕದ ಗೀಳು ಹತ್ತಿತ್ತು. 1909ರಲ್ಲಿ ಓದನ್ನು ನಡುವೆಯೇ ತೊರೆದು ಹಡಗೇರಿ ಕೆನಡಾಕ್ಕೆ ಹೊರಟುಬಿಟ್ಟ.

ಅಲ್ಲಿ ಕಾದಿದ್ದುದು ರಂಗಮಂಚವಲ್ಲ, ಹೊಟ್ಟೆಪಾಡಿನ ದುಡಿಮೆ. ಹೊಲದ ಕೆಲಸ, ಗುಂಡಿ ತೋಡುವ ಕೆಲಸ, ಸಾಮಾನು ಹೊರುವ ಕೆಲಸ, ಸಿಕ್ಕಿದ್ದನ್ನೆಲ್ಲ ಮಾಡಿದ. ಕೊನೆಗೆ ಊರೂರು ತಿರುಗುವ ನಾಟಕ ತಂಡವೊಂದನ್ನು ಸೇರಿಕೊಂಡ. ಬೋರಿಸ್ ಕಾರ್ಲಾಫ್ ಎಂದು ಹೆಸರು ಬದಲಿಸಿಕೊಂಡಿದ್ದು ಆಗಲೇ. ಕಾರ್ಲಾಫ್ ಎಂಬುದು ತಾಯಿಯ ಪೂರ್ವಜರ ಹೆಸರೆಂದು ಆತ ಹೇಳಿಕೊಳ್ಳುತ್ತಿದ್ದರೂ ಅದಕ್ಕೆ ಆಧಾರ ದೊರೆತಿಲ್ಲ. ನಟನೆಯಂಥ ವೃತ್ತಿಗಿಳಿದು ಮನೆತನದ ಮಾನ ಕಳೆದೆನೆಂಬ ಅಳುಕು ಹೆಸರು ಬದಲಾವಣೆಗೆ ಒಂದು ಕಾರಣವಾಗಿದ್ದಿರಬೇಕು. ಆದರೆ ಕಾನೂನಿನ ಪ್ರಕಾರ ಆತ ಹೆಸರನ್ನು ಬದಲಿಸಲೇ ಇಲ್ಲ. ದಾಖಲೆಗಳಲ್ಲಿ ಕೊನೆಯವರೆಗೂ ಪ್ರ್ಯಾಟ್ ಆಗಿಯೇ ಉಳಿದ.

1912ರ ಜೂನ್ 30ರಂದು ಕೆನಡಾದ ರೆಜೈನಾ ನಗರವನ್ನು ಭೀಕರ ಸುಂಟರಗಾಳಿ ನೆಲಸಮಗೊಳಿಸಿದಾಗ ಆತನ ತಂಡ ಅಲ್ಲಿಯೇ ಇತ್ತು. ತಂಡದ ಬದುಕೇ ಕೆಟ್ಟುಹೋಗಿದ್ದರೂ ಕಾರ್ಲಾಫ್ ಸಂತ್ರಸ್ತರಿಗಾಗಿ ಕಾರ್ಯಕ್ರಮ ನಡೆಸಿ ಹಣ ಕೂಡಿಸಲು ನೆರವಾದ. ಮುಂದೆ ಹಲವು ವರ್ಷ ಅಮೆರಿಕದ ಸಣ್ಣಪುಟ್ಟ ಊರುಗಳಲ್ಲಿ ನಾಟಕವಾಡುತ್ತ ಅಲೆದು, 1910ರ ದಶಕದ ಕೊನೆಗೆ ಹಾಲಿವುಡ್ ತಲುಪಿದ. ಮೂಕಿ ಚಿತ್ರಗಳ ಆ ಕಾಲದಲ್ಲಿ ಸಿಕ್ಕಿದ್ದು ಗುಂಪಿನಲ್ಲಿ ನಿಲ್ಲುವ ಪಾತ್ರಗಳು. ಮೈಬಣ್ಣದಿಂದಾಗಿ ಅರಬ್ಬ, ಭಾರತೀಯ, ಮೆಕ್ಸಿಕನ್ ಖಳರ ವೇಷಗಳು. ಅವೂ ಇಲ್ಲದ ದಿನಗಳಲ್ಲಿ ಕಟ್ಟಡ ಸಾಮಗ್ರಿಯ ಲಾರಿ ಓಡಿಸಿ ಹೊಟ್ಟೆ ಹೊರೆದ.

ಬಣ್ಣದ ಹಿಂದಿನ ಬೆವರು

1931ರ ಫೆಬ್ರವರಿಯಲ್ಲಿ ಬಂದ ‘ಡ್ರಾಕುಲಾ’ ಯೂನಿವರ್ಸಲ್ ಸಂಸ್ಥೆಗೆ ಭರ್ಜರಿ ಗಳಿಕೆ ತಂದಿತು. ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಅಂಥದೇ ಮತ್ತೊಂದು ಚಿತ್ರ ಸಂಸ್ಥೆಗೆ ತುರ್ತಾಗಿ ಬೇಕಿತ್ತು. ಮೇರಿ ಶೆಲ್ಲಿಯ ಕಾದಂಬರಿಯತ್ತ ಗಮನ ಹರಿಯಿತು. ಆ ಕಾದಂಬರಿಯೂ 1818ರಲ್ಲಿ ಲೇಖಕಿಯ ಹೆಸರಿಲ್ಲದೆಯೇ ಪ್ರಕಟವಾಗಿತ್ತು. ಅದರೊಳಗಿನ ಜೀವಿಗೂ ಹೆಸರಿಲ್ಲ. ಜನ ಫ್ರಾಂಕೆನ್‌ಸ್ಟೈನ್ ಎಂದು ಕರೆಯುವುದು ಅದನ್ನು ಸೃಷ್ಟಿಸಿ ಕೈಬಿಟ್ಟ ವಿಜ್ಞಾನಿಯ ಹೆಸರಿನಿಂದ.

ರಕ್ಕಸನ ಪಾತ್ರಕ್ಕೆ ಮೊದಲು ಯೋಚಿಸಿದ್ದು ಡ್ರಾಕುಲಾ ಖ್ಯಾತಿಯ ಬೇಲಾ ಲುಗೋಸಿಯನ್ನು. ನಿರ್ದೇಶಕರು ಬದಲಾಗಿ ಇಂಗ್ಲೆಂಡಿನ ಜೇಮ್ಸ್ ವೇಲ್ ಬಂದ ಬಳಿಕ ಆಯ್ಕೆಯೂ ಬದಲಾಯಿತು. ಮೊದಲ ಮಹಾಯುದ್ಧದಲ್ಲಿ ಹೋರಾಡಿ ಸೆರೆಯಾಳಾಗಿದ್ದ ವೇಲ್ ರಂಗಭೂಮಿಯಿಂದ ಬಂದವ. ಸ್ಟುಡಿಯೋದ ಊಟದ ಕೋಣೆಯಲ್ಲಿ ಕಾರ್ಲಾಫ್‌ನ ಮುಖದ ಎಲುಬುಗಳ ರಚನೆಯನ್ನು ಗಮನಿಸಿದ ವೇಲ್ ಆತನನ್ನು ಪರೀಕ್ಷೆಗೆ ಕರೆದ.

ಪ್ರಸಾಧನ ಕಲಾವಿದ ಜಾಕ್ ಪಿಯರ್ಸ್ ಹತ್ತಿ ಮತ್ತು ಕೊಲೋಡಿಯನ್ ಎಂಬ ಅಂಟುದ್ರವವನ್ನು ಪದರ ಪದರವಾಗಿ ಕೂರಿಸಿ ಆ ಚಪ್ಪಟೆ ನೆತ್ತಿಯನ್ನು ಕಟ್ಟಿದ. ಕಪ್ಪು ಬಿಳುಪಿನಲ್ಲಿ ಹೆಣದ ಬಿಳುಚಾಗಿ ಕಾಣುವ ಹಸಿರುಬೂದು ಬಣ್ಣ ಬಳಿದ. ತೋಳು ಉದ್ದ ಕಾಣಲೆಂದು ಕೋಟಿನ ತೋಳನ್ನು ಮೋಟು ಮಾಡಿದ. ಒಂದೊಂದೂ ಸುಮಾರು 6 ಕಿಲೋ ತೂಗುವ ಬೂಟುಗಳು. ಕಣ್ಣುಗಳಲ್ಲಿ ಬುದ್ಧಿಯ ಹೊಳಪು ಹೆಚ್ಚಾಗಿ ಕಾಣುತ್ತದೆಂದು ರೆಪ್ಪೆಗಳ ಮೇಲೆ ಮೇಣ ಮೆತ್ತಿಸಿಕೊಂಡಿದ್ದು ಕಾರ್ಲಾಫ್‌ನದೇ ಸಲಹೆ. ಬಾಯೊಳಗಿನ ಕಟ್ಟಿಸಿದ ಹಲ್ಲುಗಳನ್ನು ತೆಗೆದಿಟ್ಟು ಒಂದು ಕೆನ್ನೆಯನ್ನು ಗುಳಿ ಬೀಳಿಸಿಕೊಂಡ. ದಿನವೂ ಈ ಅಲಂಕಾರಕ್ಕೆ ಸುಮಾರು ನಾಲ್ಕು ಗಂಟೆ. ಅದನ್ನು ಕಳಚುವುದಕ್ಕೆ ಮತ್ತಷ್ಟು ಹೊತ್ತು. ಯಕ್ಷಗಾನದ ಬಣ್ಣದ ವೇಷಧಾರಿ ಚೌಕಿಯಲ್ಲಿ ಕೂತು ಗಂಟೆಗಟ್ಟಲೆ ಮುಖವರ್ಣಿಕೆ ಬರೆದುಕೊಳ್ಳುವುದನ್ನು ಕಂಡವರಿಗೆ ಈ ತಾಳ್ಮೆ ಅಪರಿಚಿತವೇನಲ್ಲ. ಅಷ್ಟೆಲ್ಲ ಬಣ್ಣದಡಿಯಲ್ಲಿಯೂ ಮುಖದ ಸ್ನಾಯುಗಳು ಆಡುವಂತಿದ್ದುದು ಪಿಯರ್ಸ್‌ನ ಹಿರಿಮೆ. ಆ ಅವಕಾಶವನ್ನು ಪೂರ್ತಿ ಬಳಸಿಕೊಂಡಿದ್ದು ಕಾರ್ಲಾಫ್‌ನ ಹಿರಿಮೆ.

ಬೆಳಕು ಹಿಡಿಯಹೊರಟ ಕೈಗಳು

ಕಾದಂಬರಿಯ ಜೀವಿ ನಿರರ್ಗಳವಾಗಿ ಮಾತನಾಡುತ್ತದೆ, ಮಹಾಕಾವ್ಯ ಓದುತ್ತದೆ. ಚಿತ್ರದ ಜೀವಿಗೆ ಮಾತಿಲ್ಲ. ಕಾರ್ಲಾಫ್ ಎಲ್ಲವನ್ನೂ ಕಣ್ಣು, ಕೈ, ನಡಿಗೆಗಳಿಂದಲೇ ಹೇಳಬೇಕಾಯಿತು. ಕತ್ತಲ ಕೋಣೆಯಲ್ಲಿಟ್ಟ ಜೀವಿಗೆ ವಿಜ್ಞಾನಿ ಮೊದಲ ಬಾರಿ ಮೇಲ್ಛಾವಣಿಯ ಕಿಂಡಿ ತೆರೆದು ಬೆಳಕು ತೋರಿಸುವ ದೃಶ್ಯವೊಂದಿದೆ. ಜೀವಿ ಮುಖವೆತ್ತಿ, ಕೈಗಳನ್ನು ಮೇಲಕ್ಕೆ ಚಾಚಿ ಬೆಳಕನ್ನು ಮುಟ್ಟಲು ಹೊರಡುತ್ತದೆ. ಕಿಂಡಿ ಮುಚ್ಚಿದೊಡನೆ ಅದೇ ಕೈಗಳು ಬೇಡುವ ಕೈಗಳಾಗುತ್ತವೆ. ಎರಡು ನಿಮಿಷವೂ ಹಿಡಿಯದ ಆ ಅಭಿನಯದಲ್ಲಿ ಒಂದು ಶಿಶುವಿನ ಕುತೂಹಲ ಮತ್ತು ಅನಾಥನ ದೈನ್ಯ ಎರಡೂ ಇವೆ. ಮರುಗಳಿಗೆಯಲ್ಲೇ ಸಹಾಯಕ ದೊಂದಿ ಹಿಡಿದು ಹೆದರಿಸುತ್ತಾನೆ. ರಕ್ಕಸ ಹುಟ್ಟುವುದು ಪ್ರಯೋಗಾಲಯದ ಮಿಂಚಿನಿಂದಲ್ಲ, ಆ ದೊಂದಿಯಿಂದ ಎಂಬುದನ್ನು ಪ್ರೇಕ್ಷಕ ಕಣ್ಣಾರೆ ಕಾಣುತ್ತಾನೆ.

ಸರೋವರದ ದಂಡೆಯ ದೃಶ್ಯ ಇನ್ನೂ ಪ್ರಸಿದ್ಧ. ಪುಟ್ಟ ಬಾಲಕಿ ಮರಿಯಾ ಜೀವಿಗೆ ಹೆದರದೆ ಹೂ ಕೊಟ್ಟು, ಅವನ್ನು ನೀರಿನಲ್ಲಿ ದೋಣಿಯಂತೆ ತೇಲಿಬಿಡುವ ಆಟ ಕಲಿಸುತ್ತಾಳೆ. ಇಡೀ ಚಿತ್ರದಲ್ಲಿ ಜೀವಿ ನಗುವುದು ಅಲ್ಲಿ. ಹೂಗಳು ಮುಗಿದಾಗ, ಇವಳೂ ತೇಲುತ್ತಾಳೆಂದು ಭಾವಿಸಿ ಬಾಲಕಿಯನ್ನೇ ಎತ್ತಿ ನೀರಿಗೆಸೆಯುತ್ತದೆ. ಅವಳು ಮುಳುಗಿದಾಗ ದಿಕ್ಕುಗಾಣದೆ ತತ್ತರಿಸಿ ಓಡುತ್ತದೆ. ಹಾಗೆ ಎಸೆಯುವುದು ಕಾರ್ಲಾಫ್‌ಗೂ ಒಪ್ಪಿಗೆಯಾಗಿರಲಿಲ್ಲ. ಸೆನ್ಸಾರ್ ಕತ್ತರಿಯಾದರೋ ಎಸೆಯುವ ಭಾಗವನ್ನು ತೆಗೆದುಹಾಕಿತು. ಜೀವಿ ಬಾಲಕಿಯತ್ತ ಕೈಚಾಚುವಲ್ಲಿಗೆ ದೃಶ್ಯ ಕಡಿದು, ಮುಂದೆ ತಂದೆ ಹೊತ್ತು ತರುವ ಶವವಷ್ಟೇ ಉಳಿಯಿತು. ನಡುವೆ ಏನಾಯಿತೆಂಬುದನ್ನು ಪ್ರೇಕ್ಷಕರು ಇನ್ನೂ ಘೋರವಾಗಿ ಊಹಿಸಿಕೊಂಡರು. ಮಗುವಿನ ತಪ್ಪು ಪಾಪಿಯ ಕೃತ್ಯದಂತೆ ತೋರಿತು. ದಶಕಗಳ ಕಾಲ ಜನ ನೋಡಿದ್ದು ಈ ಕತ್ತರಿಸಿದ ಪ್ರತಿಯನ್ನೇ. 1980ರ ದಶಕದಲ್ಲಿ ಆ ತುಣುಕನ್ನು ಮರಳಿ ಸೇರಿಸಿದ ಬಳಿಕ ಕಾರ್ಲಾಫ್‌ನ ಅಭಿನಯ ಅದರ ಪೂರ್ಣ ಅರ್ಥದಲ್ಲಿ ಜನರಿಗೆ ದಕ್ಕಿತು. ಅಷ್ಟರಲ್ಲಿ ಆತ ತೀರಿಕೊಂಡು ಹದಿನೈದು ವರ್ಷಗಳ ಮೇಲಾಗಿತ್ತು.

ಸಂಘದ ಒಂಬತ್ತನೆಯ ಸದಸ್ಯ

ಈ ಖ್ಯಾತಿಗೆ ತೆತ್ತ ಬೆಲೆ ಕಡಿಮೆಯದಾಗಿರಲಿಲ್ಲ. ಚಿತ್ರೀಕರಣದ ಒಂದು ದಿನ ಕಾರ್ಲಾಫ್ ಆ ವೇಷದಲ್ಲಿಯೇ ಸುಮಾರು 25 ಗಂಟೆ ದುಡಿಯಬೇಕಾಯಿತು. ವಿಜ್ಞಾನಿಯ ಪಾತ್ರಧಾರಿ ಕಾಲಿನ್ ಕ್ಲೈವ್‌ನನ್ನು ಹೆಗಲ ಮೇಲೆ ಹೊತ್ತು ಗಾಳಿಗಿರಣಿಯತ್ತ ಗುಡ್ಡವೇರುವ ದೃಶ್ಯವನ್ನು ವೇಲ್ ಮತ್ತೆ ಮತ್ತೆ ಮಾಡಿಸಿದ. ಬೆನ್ನಿಗಾದ ಪೆಟ್ಟು ಜೀವಮಾನವಿಡೀ ಕಾಡಿ, ಮುಂದೆ ಶಸ್ತ್ರಚಿಕಿತ್ಸೆಗಳಿಗೆ ಕಾರಣವಾಯಿತು. ನಟರಿಗೆ ಆಗ ಕೆಲಸದ ವೇಳೆಯ ಮಿತಿಯಿರಲಿಲ್ಲ, ಬಿಡುವಿನ ನಿಯಮವಿರಲಿಲ್ಲ, ಕೇಳುವವರೂ ಇರಲಿಲ್ಲ.

1933ರಲ್ಲಿ ನಿರ್ಮಾಣ ಸಂಸ್ಥೆಗಳು ಸಂಬಳ ಕಡಿತ ಘೋಷಿಸಿದಾಗ ಕೆಲವು ನಟರು ಗುಟ್ಟಾಗಿ ಸೇರಿ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್ ಸ್ಥಾಪಿಸಿದರು. ಅವರಲ್ಲಿ ಕಾರ್ಲಾಫ್ ಮುಂಚೂಣಿಯಲ್ಲಿದ್ದ. ಆತನ ಸದಸ್ಯತ್ವದ ಸಂಖ್ಯೆ 9. ಹೊಸದಾಗಿ ತಾರಾಪಟ್ಟ ಗಿಟ್ಟಿಸಿದವನಿಗೆ ಇದು ಅಪಾಯದ ಹೆಜ್ಜೆ. ಮಾಲೀಕರು ಮುನಿದರೆ ಮತ್ತೆ ಲಾರಿಯ ಚಕ್ರವೇ ಗತಿಯಾಗಬಹುದಿತ್ತು. ಆದರೂ ಸಹನಟರನ್ನು ಒಬ್ಬೊಬ್ಬರನ್ನಾಗಿ ಕಂಡು ಸಂಘಕ್ಕೆ ಸೇರಿಸಿದ. ಹಲವು ವರ್ಷ ಆಡಳಿತ ಮಂಡಳಿಯಲ್ಲಿ ದುಡಿದ. 1937ರಲ್ಲಿ ನಿರ್ಮಾಪಕರು ಸಂಘಕ್ಕೆ ಮನ್ನಣೆ ಕೊಡಲೇಬೇಕಾಯಿತು. ತೆರೆಯ ಮೇಲೆ ದನಿಯಿಲ್ಲದವನ ಪಾತ್ರ ವಹಿಸಿದ ನಟ ತೆರೆಯ ಹಿಂದೆ ಸಾವಿರಾರು ಅನಾಮಿಕ ಕಲಾವಿದರ ದನಿಯಾದುದನ್ನು ಆತನ ಚಿತ್ರಗಳಷ್ಟೇ ಗೌರವದಿಂದ ನೆನೆಯಬೇಕು.

ಇದೇ ಅವಧಿಯಲ್ಲಿ ಯಶಸ್ಸಿನ ಸುರಿಮಳೆಯೂ ಆಯಿತು. 1932ರ ‘ದಿ ಮಮ್ಮಿ’ ಚಿತ್ರದಲ್ಲಿ ಪಟ್ಟಿ ಸುತ್ತಿದ ಶವವಾಗಿ ಕಾಣುವುದು ಕೆಲವೇ ಕ್ಷಣ. ಅದಕ್ಕೆ ಹಿಡಿದ ಅಲಂಕಾರ ಎಂಟು ಗಂಟೆಯದು. ಅದೇ ವರ್ಷದ ‘ದಿ ಮಾಸ್ಕ್ ಆಫ್ ಫು ಮಾಂಚು’ ಚೀನೀಯರನ್ನು ಹೀನಾಯವಾಗಿ ಚಿತ್ರಿಸಿದ್ದು, ಇಂದು ಅದನ್ನು ಮುಜುಗರವಿಲ್ಲದೆ ನೋಡಲಾಗದು. 1933ರಲ್ಲಿ ‘ದಿ ಗೂಲ್’ ಚಿತ್ರಕ್ಕಾಗಿ 24 ವರ್ಷಗಳ ಬಳಿಕ ಇಂಗ್ಲೆಂಡಿಗೆ ಹೋದಾಗ ಅಣ್ಣಂದಿರ ಎದುರು ನಿಲ್ಲಲು ಆತ ಅಂಜಿದ್ದ. ಅವರಾದರೋ ಪತ್ರಿಕಾ ಛಾಯಾಗ್ರಾಹಕರ ಮುಂದೆ ತಮ್ಮನ ಪಕ್ಕದಲ್ಲಿ ನಿಲ್ಲಲು ಪೈಪೋಟಿ ನಡೆಸಿದರು. 1934ರ ‘ದಿ ಬ್ಲ್ಯಾಕ್ ಕ್ಯಾಟ್’ ಕಾರ್ಲಾಫ್ ಮತ್ತು ಲುಗೋಸಿಯನ್ನು ಮೊದಲ ಬಾರಿಗೆ ಎದುರುಬದುರು ನಿಲ್ಲಿಸಿತು. ಬಿಡುವಿನ ದಿನಗಳಲ್ಲಿ ಕಾರ್ಲಾಫ್ ಹಾಲಿವುಡ್ ಕ್ರಿಕೆಟ್ ಕ್ಲಬ್ಬಿನ ಮೈದಾನದಲ್ಲಿರುತ್ತಿದ್ದ. ತೆರೆಯ ರಕ್ಕಸ ನಿಜಜೀವನದಲ್ಲಿ ಮೃದುಭಾಷಿ, ಓದುಗ, ಕ್ರಿಕೆಟ್ ಪ್ರೇಮಿ.

ಮಾತು ಕಲಿತ ರಕ್ಕಸ

1935ರಲ್ಲಿ ಬಂದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಮೊದಲ ಚಿತ್ರವನ್ನೂ ಮೀರಿಸಿತೆಂದು ಅನೇಕ ವಿಮರ್ಶಕರ ಮತ. ಇದರಲ್ಲಿ ರಕ್ಕಸ ಮಾತು ಕಲಿಯುತ್ತಾನೆ. ಅದು ಕಾರ್ಲಾಫ್‌ಗೆ ಇಷ್ಟವಿರಲಿಲ್ಲ. ಮೌನವೇ ಆ ಪಾತ್ರದ ಬಲವೆಂಬುದು ಆತನ ನಿಲುವಾಗಿತ್ತು. ಮಾತನಾಡಬೇಕಾದುದರಿಂದ ಕಟ್ಟಿಸಿದ ಹಲ್ಲುಗಳನ್ನು ತೆಗೆದಿಡುವಂತಿರಲಿಲ್ಲ, ಆದ್ದರಿಂದ ಈ ಚಿತ್ರದಲ್ಲಿ ಆತನ ಕೆನ್ನೆ ತುಂಬಿಕೊಂಡಂತೆ ಕಾಣುತ್ತದೆ. ವಿರೋಧಿಸಿದ್ದರೂ ಆ ಮಾತುಗಳನ್ನು ಆತ ಆಡಿದ ರೀತಿಯೇ ಚಿತ್ರದ ಜೀವಾಳ. ಕಾಡಿನ ಗುಡಿಸಲಿನಲ್ಲಿ ಒಂಟಿಯಾಗಿರುವ ಕುರುಡ ವೃದ್ಧನೊಬ್ಬ ಪಿಟೀಲು ನುಡಿಸುತ್ತಿರುತ್ತಾನೆ. ಊರವರಿಂದ ಗುಂಡೇಟು ತಿಂದು ಬಂದ ರಕ್ಕಸನಿಗೆ ಆತ ಅನ್ನಕೊಟ್ಟು, ಗಾಯ ಆರೈಸಿ, ಮಲಗಿಸುತ್ತಾನೆ. ಆತನಿಗೆ ಕಣ್ಣಿಲ್ಲವಾದ್ದರಿಂದ ವಿಕಾರವೂ ಕಾಣದು. ತನಗೊಬ್ಬ ಸಂಗಾತಿಯನ್ನು ಕಳುಹಿಸಿದ್ದಕ್ಕೆ ದೇವರಿಗೆ ವಂದಿಸಿ ಅಳುವ ವೃದ್ಧನ ಬಳಿ ರಕ್ಕಸನ ಕಣ್ಣಿನಿಂದಲೂ ಹನಿಯುದುರುತ್ತದೆ. ಕಣ್ಣುಳ್ಳವರು ಬಂದೊಡನೆ ಆ ಮನೆ ಬೆಂಕಿಗೆ ಆಹುತಿ. ಭಯಾನಕ ಚಿತ್ರವೆಂದು ನೋಡಲು ಕುಳಿತವರು ಈ ದೃಶ್ಯದಲ್ಲಿ ಕಣ್ಣೊರೆಸಿಕೊಳ್ಳುವುದು ಇಂದಿಗೂ ನಡೆದಿದೆ.

1936ರ ವೇಳೆಗೆ ಸೆನ್ಸಾರ್ ಬಿಗಿಯಾಗಿ, ಬ್ರಿಟನ್ನಿನಲ್ಲಿ ಇಂಥ ಚಿತ್ರಗಳಿಗೆ ವಿರೋಧ ಹೆಚ್ಚಿ, ಹಾಲಿವುಡ್ ಭಯಾನಕ ಚಿತ್ರಗಳನ್ನು ಕೈಬಿಟ್ಟಿತು. 1938ರಲ್ಲಿ ಲಾಸ್ ಏಂಜಲೀಸ್‌ನ ಒಂದು ಚಿತ್ರಮಂದಿರ ‘ಡ್ರಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಎರಡನ್ನೂ ಒಟ್ಟಿಗೆ ತೋರಿಸಿದಾಗ ಜನ ಸಾಲುಗಟ್ಟಿದರು. ಆ ಉತ್ಸಾಹದಲ್ಲಿ ತಯಾರಾದ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ 1939ರಲ್ಲಿ ಬಂದಿತು. ಅದರ ಚಿತ್ರೀಕರಣದ ನಡುವೆ, ಆತನ 51ನೆಯ ಹುಟ್ಟುಹಬ್ಬದ ದಿನವೇ ಮಗಳು ಸಾರಾ ಹುಟ್ಟಿದಳು. ಪಾತ್ರದಲ್ಲಿ ಇನ್ನು ಬೆಳೆಸುವುದೇನೂ ಉಳಿದಿಲ್ಲವೆಂದು ಮನಗಂಡ ಕಾರ್ಲಾಫ್, ಕಥಾಚಿತ್ರಗಳಲ್ಲಿ ರಕ್ಕಸನ ವೇಷಕ್ಕೆ ಅಲ್ಲಿಗೇ ಮಂಗಳ ಹಾಡಿದ.

ರಂಗಭೂಮಿ ಆತನನ್ನು ಮತ್ತೆ ಕೈಹಿಡಿಯಿತು. 1941ರ ಜನವರಿಯಲ್ಲಿ ಬ್ರಾಡ್‌ವೇಯಲ್ಲಿ ಆರಂಭವಾದ ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ಹಾಸ್ಯನಾಟಕ ಒಟ್ಟು 1,444 ಪ್ರದರ್ಶನ ಕಂಡಿತು. ತನ್ನ ಮುಖ ಬೋರಿಸ್ ಕಾರ್ಲಾಫ್‌ನ ಹಾಗಿದೆಯೆಂದು ಯಾರಾದರೂ ಹೇಳಿದರೆ ಕೆರಳುವ ಕೊಲೆಗಾರನ ಪಾತ್ರವನ್ನು ಸ್ವತಃ ಕಾರ್ಲಾಫ್ ಅಭಿನಯಿಸಿದ. ಬಳಿಕ ನಿರ್ಮಾಪಕ ವಾಲ್ ಲ್ಯೂಟನ್‌ನ ಕಡಿಮೆ ವೆಚ್ಚದ ಮೂರು ಚಿತ್ರಗಳು ಬಂದವು. ಅವುಗಳಲ್ಲಿ ರಾಬರ್ಟ್ ವೈಸ್ ನಿರ್ದೇಶಿಸಿದ ‘ದಿ ಬಾಡಿ ಸ್ನ್ಯಾಚರ್’ (1945) ಬಣ್ಣ ಹಚ್ಚದ ಕಾರ್ಲಾಫ್‌ನ ಶ್ರೇಷ್ಠ ಅಭಿನಯವೆನ್ನಬಹುದು. ವೈದ್ಯರಿಗೆ ಹೆಣ ಒದಗಿಸುವ ಗಾಡಿಯವನಾಗಿ, ಮಗುವೊಂದನ್ನು ಮಮತೆಯಿಂದ ಕುದುರೆಯ ಬಳಿ ಎತ್ತಿ ಹಿಡಿಯುವ ಅದೇ ಕೈಗಳಿಂದ ಕೊಲೆ ಮಾಡುವ ಪಾತ್ರವದು.

ನಿಜವಾದ ಭಯದ ಎದುರು

1957ರಲ್ಲಿ ಯೂನಿವರ್ಸಲ್‌ನ ಹಳೆಯ ಚಿತ್ರಗಳು ಅಮೆರಿಕದ ದೂರದರ್ಶನಕ್ಕೆ ಬಂದಾಗ ಹೊಸ ಪೀಳಿಗೆಯ ಮಕ್ಕಳು ಕಾರ್ಲಾಫ್‌ನನ್ನು ಕಂಡುಕೊಂಡರು. 1959ರಲ್ಲಿ ಇಂಗ್ಲೆಂಡಿಗೆ ಮರಳಿ ನೆಲೆಸಿದ ಬಳಿಕವೂ ಆತ ದುಡಿಮೆ ನಿಲ್ಲಿಸಲಿಲ್ಲ. 1966ರ ‘ಹೌ ದಿ ಗ್ರಿಂಚ್ ಸ್ಟೋಲ್ ಕ್ರಿಸ್ಮಸ್’ ಎಂಬ ಮಕ್ಕಳ ವ್ಯಂಗ್ಯಚಿತ್ರಕ್ಕೆ ಕೊಟ್ಟ ಕಂಠದಾನ, ಅದರ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ತಂದುಕೊಟ್ಟಿತು.

ಶ್ವಾಸಕೋಶದ ರೋಗ, ಕಾಲಿಗೆ ಕಟ್ಟಿದ ಆಧಾರಪಟ್ಟಿಗಳ ನಡುವೆಯೇ ನಟಿಸಿದ ‘ಟಾರ್ಗೆಟ್ಸ್’ 1968ರಲ್ಲಿ ತೆರೆಕಂಡಿತು. ಪೀಟರ್ ಬೊಗ್ಡಾನೊವಿಚ್‌ಗೆ ಅದು ಮೊದಲ ಪ್ರಮುಖ ಚಿತ್ರ. 1966ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರವೇರಿ ಜನರ ಮೇಲೆ ಗುಂಡಿನ ಮಳೆಗರೆದ ಯುವಕನ ನಿಜಘಟನೆ ಅದರ ಹಿನ್ನೆಲೆಯಲ್ಲಿದೆ. ಚಿತ್ರದಲ್ಲಿ ಕಾರ್ಲಾಫ್‌ನದು ವೃದ್ಧ ಭಯಾನಕ ಚಿತ್ರನಟನ ಪಾತ್ರ. ದಿನಪತ್ರಿಕೆಯ ಸುದ್ದಿಗಳ ಮುಂದೆ ತನ್ನ ರಕ್ಕಸರು ಯಾರನ್ನೂ ಹೆದರಿಸಲಾರರೆಂದು ಬೇಸತ್ತು ಆತ ನಿವೃತ್ತಿ ಬಯಸುತ್ತಾನೆ. ಅತ್ತ ಸುಶೀಲನಂತೆ ಕಾಣುವ ಒಬ್ಬ ಯುವಕ ಕಾರಣವೇ ಇಲ್ಲದೆ ಕೊಲ್ಲುತ್ತ ಹೋಗುತ್ತಾನೆ. ಕೊನೆಗೆ ಬಯಲು ಚಿತ್ರಮಂದಿರದಲ್ಲಿ ಇಬ್ಬರೂ ಮುಖಾಮುಖಿಯಾಗುತ್ತಾರೆ. ಪರದೆಯ ಮೇಲೊಬ್ಬ ಕಾರ್ಲಾಫ್, ಎದುರಿನಿಂದ ಊರುಗೋಲು ಹಿಡಿದು ನಡೆದು ಬರುವ ಇನ್ನೊಬ್ಬ ಕಾರ್ಲಾಫ್. ಯಾರತ್ತ ಗುಂಡು ಹಾರಿಸಬೇಕೆಂದು ತಿಳಿಯದೆ ಕೊಲೆಗಾರ ಗಲಿಬಿಲಿಗೊಳ್ಳುತ್ತಾನೆ. ವೃದ್ಧ ನಟ ಆತನ ಕೆನ್ನೆಗೆ ಬಾರಿಸುತ್ತಾನೆ.

1969ರ ಫೆಬ್ರವರಿ 2ರಂದು ಇಂಗ್ಲೆಂಡಿನ ಮಿಡ್‌ಹರ್ಸ್ಟ್‌ನ ಆಸ್ಪತ್ರೆಯಲ್ಲಿ 81 ವರ್ಷದ ಕಾರ್ಲಾಫ್ ಕೊನೆಯುಸಿರೆಳೆದ. ನಟರ ದೇವಾಲಯವೆಂದೇ ಹೆಸರಾದ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಆತನ ಸ್ಮಾರಕ ಫಲಕವಿದೆ. 1997ರಲ್ಲಿ ಅಮೆರಿಕದ ಅಂಚೆ ಇಲಾಖೆ ರಕ್ಕಸ ಮತ್ತು ಮಮ್ಮಿಯ ವೇಷಗಳಲ್ಲಿ ಆತನ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು.

ಹಳೆಯ ಭಯಾನಕ ಚಿತ್ರಗಳ ಲೋಕಕ್ಕೆ ಹೊಸದಾಗಿ ಕಾಲಿಡುವವರು ‘ಫ್ರಾಂಕೆನ್‌ಸ್ಟೈನ್’, ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’, ‘ದಿ ಬಾಡಿ ಸ್ನ್ಯಾಚರ್’, ‘ಟಾರ್ಗೆಟ್ಸ್’ ಇವನ್ನು ಈ ಕ್ರಮದಲ್ಲಿಯೇ ನೋಡಬಹುದು. ಮೊದಲ ಎರಡಂತೂ ಒಂದೂಕಾಲು ಗಂಟೆಯ ಆಸುಪಾಸಿನವು. ಬೆಚ್ಚಿಬೀಳುವ ನಿರೀಕ್ಷೆಯಿಟ್ಟುಕೊಳ್ಳದೆ, ಕಾರ್ಲಾಫ್‌ನ ಕೈಗಳನ್ನು ಗಮನಿಸುತ್ತ ಕುಳಿತರೆ ಸಾಕು. ವಿಕಾರವಾಗಿ ಕಾಣುವವನನ್ನು ಕಲ್ಲು ಹೊಡೆದು ಅಟ್ಟುವ ಗುಂಪು ಮತ್ತು ಬೆಳಕಿಗಾಗಿ ಕೈಚಾಚಿದ ಆ ಒಂಟಿ ಜೀವಿ, ಇವೆರಡರಲ್ಲಿ ಹೆದರಬೇಕಾದುದು ಯಾವುದಕ್ಕೆ ಎಂಬ ಪ್ರಶ್ನೆಯನ್ನು ಆ ಕೈಗಳು ಇಂದಿಗೂ ನಮ್ಮ ಮುಂದಿಡುತ್ತವೆ.